ಕೂದಲಿಗೆಂದು ಶುರುವಾದ ಜಿಂಕ್ ಮಾತ್ರೆ: ಒಂದು ಪ್ರಕರಣ ಅಧ್ಯಯನ

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾವು ನೋಡಿದ ಒಬ್ಬ ಮಹಿಳೆಯ ಪ್ರಕರಣ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾತ್ರೆಯ ಲೆಕ್ಕ, ರಕ್ತದ ವರದಿ, ನಾವು ಯಾವಾಗ ಏನು ತೀರ್ಮಾನ ಮಾಡಿದೆವು ಅನ್ನುವುದು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಜಿಂಕ್ ಮಾತ್ರೆ ಈಗ ಎಷ್ಟೋ ಮನೆಗಳಲ್ಲಿ ಇದೆ. ಅದು ಒಳ್ಳೆಯ ಔಷಧಿ ಕೂಡ. ಹಾಗಾಗಿಯೇ ಇದನ್ನು ವಿವರವಾಗಿ ಹೇಳಬೇಕು ಅನ್ನಿಸಿತು.

ಹಿನ್ನೆಲೆ

ಆಕೆಗೆ 54 ವರ್ಷ. ಮನೆಯಲ್ಲೇ ಹೊಲಿಗೆ ಕೆಲಸ. ಸಸ್ಯಾಹಾರಿ. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ, ಅದೂ ಒಂದೇ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು.

2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಮನೆಯಲ್ಲೇ ಗುಣವಾದರು. ಆಗ ಬರೆದುಕೊಟ್ಟ ಚೀಟಿಯಲ್ಲಿ ಜ್ವರದ ಮಾತ್ರೆ, ವಿಟಮಿನ್ ಸಿ, ಮತ್ತು 50 ಮಿಗ್ರಾಂನ ಜಿಂಕ್ ಮಾತ್ರೆ ದಿನಕ್ಕೊಂದರಂತೆ ಹತ್ತು ದಿನಕ್ಕೆ ಇತ್ತು. ಆ ದಿನಗಳಲ್ಲಿ ಎಲ್ಲ ಕಡೆ ಹಾಗೇ ಬರೆಯುತ್ತಿದ್ದರು. ಕೋವಿಡ್‌ಗೆ ಜಿಂಕ್‌ನಿಂದ ಪ್ರಯೋಜನ ಇದೆ ಅಂತ ಆಗ ಆಸೆ ಇತ್ತು, ಪುರಾವೆ ಇರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮನೆಯಲ್ಲೇ ಇದ್ದ ಕೋವಿಡ್ ರೋಗಿಗಳಿಗೆ ಹೆಚ್ಚು ಪ್ರಮಾಣದ ಜಿಂಕ್ ಕೊಟ್ಟರೂ ರೋಗದ ಲಕ್ಷಣಗಳು ಬೇಗ ಕಡಿಮೆಯಾಗಲಿಲ್ಲ.

ಎರಡು ಮೂರು ತಿಂಗಳ ನಂತರ ಕೂದಲು ಉದುರತೊಡಗಿತು. ಬಾಚಿದರೆ ಹಿಡಿಗಟ್ಟಲೆ ಬರುತ್ತಿತ್ತಂತೆ. ಜೋರು ಜ್ವರ ಬಂದು ಹೋದ ಮೇಲೆ ಹೀಗಾಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಆದರೆ ಕೂದಲಿಗೆ ಜಿಂಕ್ ಒಳ್ಳೇದು ಅಂತ ಯಾರೋ ಹೇಳಿದರು. ಮನೆಯಲ್ಲಿ ಹಳೇ ಚೀಟಿ ಇತ್ತು. ಮತ್ತೆ ಶುರು ಮಾಡಿದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಕೂದಲು ಉದುರುವುದು ನಿಂತಿತು. ಮಾತ್ರೆಯಿಂದಲೇ ನಿಂತಿತು ಅಂತ ಆಕೆಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಅದನ್ನು ಬಿಡುವುದಕ್ಕೆ ಭಯ. ಖಾಲಿ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪ್‌ನಲ್ಲಿ ಹೊಸದು ಸಿಗುತ್ತಿತ್ತು, ಬೆಲೆಯೂ ಕಡಿಮೆ. ಎರಡೂವರೆ ವರ್ಷ ಹೀಗೇ ನಡೆಯಿತು. ನಡುವೆ ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಮಲ್ಟಿವಿಟಮಿನ್ ಕೂಡ ಜೊತೆಗೆ ಸೇರಿಕೊಂಡಿತು.

ತೊಂದರೆ ಕಾಣಿಸಿಕೊಂಡದ್ದು

ಮೊದಲು ಸುಸ್ತು. ನಂತರ ಪಾದಗಳಲ್ಲಿ ಜೋಮು. ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟರೆ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಬೇಕಿತ್ತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ, ಹಿಂದೆ ಬರುವವರು ಕೂಗಿ ಹೇಳಬೇಕಿತ್ತು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದವರು ವಾಲಿ ಗೋಡೆಗೆ ಬಿದ್ದರು.

ನಮ್ಮಲ್ಲಿಗೆ ಬರುವ ಮೊದಲೇ ಆಕೆಗೆ ಚಿಕಿತ್ಸೆ ನಡೆದಿತ್ತು. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಸಸ್ಯಾಹಾರಿ, ಜೊತೆಗೆ ಕಾಲು ಜೋಮು, ಹಾಗಾಗಿ ಬಿ12 ಚುಚ್ಚುಮದ್ದು. ಅದು ಸರಿಯಾದ ಯೋಚನೆಯೇ. ನಮ್ಮ ಕಡೆ ಇಂಥವರಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ, ಮತ್ತು ಅದನ್ನು ತಡಮಾಡದೆ ಸರಿಪಡಿಸಬೇಕು. ಆದರೆ ಮೂರು ತಿಂಗಳು ಚುಚ್ಚುಮದ್ದು ಆದಮೇಲೂ ಜೋಮು ಮೊಣಕಾಲಿನ ಕಡೆ ಏರುತ್ತಲೇ ಇತ್ತು. ಹಿಮೋಗ್ಲೋಬಿನ್ ಇನ್ನೂ ಇಳಿದಿತ್ತು.

ನಾವು ನೋಡಿದಾಗ ಹಿಮೋಗ್ಲೋಬಿನ್ 7.8. ಬಿಳಿ ರಕ್ತಕಣ 1,900, ಅದರಲ್ಲಿ ಸೋಂಕಿನ ವಿರುದ್ಧ ಮೊದಲು ನಿಲ್ಲುವ ನ್ಯೂಟ್ರೋಫಿಲ್ ಬರೀ 700. ಅದು 1,500ಕ್ಕಿಂತ ಕೆಳಗೆ ಬಂದರೇ ಕಡಿಮೆ ಅನ್ನುತ್ತೇವೆ. ಪ್ಲೇಟ್‌ಲೆಟ್ ಸರಿಯಿತ್ತು. ಫೆರಿಟಿನ್ ಚೆನ್ನಾಗಿತ್ತು, ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಇತ್ತು. ಬಿ12 ಈಗ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಥೈರಾಯ್ಡ್, ಸಕ್ಕರೆ ಎರಡೂ ಸರಿ.

ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಹೆಬ್ಬೆರಳಿನ ಗಿಣ್ಣಿಗೆ ಇಟ್ಟೆವು. "ಏನಾದ್ರೂ ಗೊತ್ತಾಗ್ತಿದೆಯಾ ಅಮ್ಮ?" "ತಣ್ಣಗಿದೆ, ಅಷ್ಟೇ." ನಡುಕ ಗೊತ್ತಾಗಲಿಲ್ಲ. ಪಾದದ ಗಂಟಿನಲ್ಲೂ ಇಲ್ಲ. ಮೊಣಕಾಲಿನ ಮೂಳೆಗೆ ಇಟ್ಟಾಗ ಮಾತ್ರ "ಹಾಂ, ಈಗ ಗುಂಯ್ ಅಂತಿದೆ" ಅಂದರು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದ ತಕ್ಷಣ ವಾಲಿದರು. ಬೆನ್ನುಹುರಿಯ ಹಿಂಭಾಗದ ನರಗಳು ಕಾಲು ಎಲ್ಲಿದೆ ಅನ್ನುವ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ. ಅವು ಕೆಟ್ಟಾಗ ಮನುಷ್ಯ ಕಣ್ಣಿನ ಆಸರೆಯಲ್ಲಿ ನಿಲ್ಲುತ್ತಾನೆ. ಬಚ್ಚಲಿನಲ್ಲಿ ಬಿದ್ದದ್ದಕ್ಕೂ ಇದೇ ಕಾರಣ. ಎಂಆರ್‌ಐನಲ್ಲಿ ಬೆನ್ನುಹುರಿಯ ಆ ಭಾಗವೇ ಬೆಳ್ಳಗೆ ಕಂಡಿತು.

ಬಿ12 ಕೊರತೆಯ ಚಿತ್ರವೇ ಇದು, ಆದರೆ ಬಿ12 ಸಾಕಷ್ಟಿದೆ. ಇನ್ನೊಂದು ಕಡೆ, ರಕ್ತದ ಎರಡು ಬಗೆಯ ಕಣಗಳು ಒಟ್ಟಿಗೆ ಕುಸಿದಿವೆ. ರಕ್ತರೋಗ ತಜ್ಞರಿಗೆ ವರದಿ ಕಳಿಸಿದೆವು. ಮೂಳೆಮಜ್ಜೆಯ ಕಾಯಿಲೆ ಇರಬಹುದು, ಮಜ್ಜೆ ಪರೀಕ್ಷೆ ಮಾಡಿಸಿ ಅಂದರು. ಹಾಗಂದರೆ ಏನು ಅಂತ ಮಗಳು ಮೊಬೈಲ್‌ನಲ್ಲಿ ಹುಡುಕಿ ನೋಡಿ, ಕಾರಿಡಾರಿನಲ್ಲಿ ಅಳುತ್ತಾ ನಿಂತಿದ್ದಳು.

ಪ್ರಕರಣ ತಿರುಗಿದ ಜಾಗ

ದಾಖಲಾದ ದಿನ ಯಾವ ಔಷಧಿ ತಗೋತೀರಿ ಅಂತ ಕೇಳಿದ್ದೆವು. ಬಿಪಿ ಮಾತ್ರೆ, ಕಬ್ಬಿಣದ ಮಾತ್ರೆ, ಬಿ12 ಇಂಜೆಕ್ಷನ್ ಅಂದಿದ್ದರು. ಕೇಸ್ ಶೀಟಿನಲ್ಲೂ ಅಷ್ಟೇ ಇತ್ತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಆಕೆ ಚೀಲದಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದು ಮಾತ್ರೆ ನುಂಗುತ್ತಿದ್ದುದನ್ನು ವಾರ್ಡಿನ ಸಿಸ್ಟರ್ ಕಂಡರು. "ಅದೇನಮ್ಮ ಅದು?" "ಏನಿಲ್ಲ ಸಿಸ್ಟರ್, ಶಕ್ತಿ ಮಾತ್ರೆ. ಔಷಧಿ ಅಲ್ಲ." ಸಿಸ್ಟರ್ ಅಲ್ಲಿಗೇ ಬಿಡಲಿಲ್ಲ. ಡಬ್ಬಿಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಇಡಿಸಿ, ಸ್ಟ್ರಿಪ್‌ಗಳ ಹೆಸರು ಬರೆದುಕೊಂಡು ಬಂದು ನಮಗೆ ಕೊಟ್ಟರು. ಈ ಪ್ರಕರಣದಲ್ಲಿ ರೋಗ ಪತ್ತೆ ಮಾಡಿದ್ದು ಆ ಚೀಟಿ. ನಾನು ಸಭೆಗಳಲ್ಲಿ ಈ ಪ್ರಕರಣ ಹೇಳುವಾಗಲೆಲ್ಲ ಸಿಸ್ಟರ್ ವಿಷಯ ಮೊದಲು ಹೇಳುತ್ತೇನೆ.

ಲೆಕ್ಕ ಹಾಕಿದೆವು. ಜಿಂಕ್ ಮಾತ್ರೆಯ ಲೇಬಲ್ ಓದುವಾಗ ಒಂದು ಎಚ್ಚರ ಬೇಕು. ಜಿಂಕ್ ಸಲ್ಫೇಟ್, ಜಿಂಕ್ ಅಸಿಟೇಟ್, ಜಿಂಕ್ ಗ್ಲುಕೋನೇಟ್ ಇವೆಲ್ಲ ಲವಣಗಳು. ಲವಣದ ತೂಕ ಬೇರೆ, ಅದರೊಳಗಿನ ಜಿಂಕ್‌ನ ತೂಕ ಬೇರೆ. ಸಾಮಾನ್ಯ ಜಿಂಕ್ ಸಲ್ಫೇಟ್ 220 ಮಿಗ್ರಾಂನಲ್ಲಿ ಜಿಂಕ್ ಇರುವುದು ಸುಮಾರು 50 ಮಿಗ್ರಾಂ. "ಎಲಿಮೆಂಟಲ್ ಜಿಂಕ್" ಅಂತ ಬರೆದಿರುವ ಸಂಖ್ಯೆಯನ್ನೇ ಲೆಕ್ಕಕ್ಕೆ ತಗೋಬೇಕು. ಈಕೆಯ ಮಾತ್ರೆ ಒಂದಕ್ಕೆ 50, ದಿನಕ್ಕೆ ಎರಡು. ಮಲ್ಟಿವಿಟಮಿನ್‌ನಲ್ಲಿ 22.5. ಒಟ್ಟು ದಿನಕ್ಕೆ 122.5 ಮಿಗ್ರಾಂ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 17 ಮಿಗ್ರಾಂ, ಹೆಂಗಸರಿಗೆ 13.2. ಊಟ, ಮಾತ್ರೆ ಎಲ್ಲ ಸೇರಿ ದೊಡ್ಡವರಿಗೆ ಮೇಲಿನ ಮಿತಿ 40. ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಈ ಮಿತಿ ಮೀರುವ ಹಾಗಿಲ್ಲ.

ಜಿಂಕ್ ಜಾಸ್ತಿಯಾದರೆ ಆಗುವುದೇನು? ಜಿಂಕ್ ಸಿಕ್ಕಷ್ಟೂ ಕರುಳಿನ ಒಳಗೋಡೆಯ ಕೋಶಗಳು ಮೆಟಲೋಥಯೋನಿನ್ ಅನ್ನುವ ಒಂದು ಪ್ರೋಟೀನನ್ನು ಹೆಚ್ಚು ಮಾಡುತ್ತವೆ. ಅದು ಜಿಂಕ್‌ಗಿಂತ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಊಟದಲ್ಲಿ ಬಂದ ತಾಮ್ರ ಆ ಕೋಶದಲ್ಲೇ ಸಿಕ್ಕಿಬೀಳುತ್ತದೆ. ಕೆಲವು ದಿನಗಳಲ್ಲಿ ಕೋಶ ಉದುರಿ ಮಲದಲ್ಲಿ ಹೋಗುತ್ತದೆ, ಜೊತೆಗೆ ತಾಮ್ರವೂ. ಹೀಗೆ ತಿಂಗಳುಗಟ್ಟಲೆ ನಡೆದರೆ ಮೈಯಲ್ಲಿ ತಾಮ್ರ ಬರಿದಾಗುತ್ತದೆ. ದಾಸ್ತಾನಿನಲ್ಲಿರುವ ಕಬ್ಬಿಣ ಹೊರಬಂದು ರಕ್ತ ಆಗುವುದಕ್ಕೆ ತಾಮ್ರವಿರುವ ಸೆರುಲೋಪ್ಲಾಸ್ಮಿನ್ ಅನ್ನುವ ಪ್ರೋಟೀನ್ ಬೇಕು. ಅದಕ್ಕೇ ಫೆರಿಟಿನ್ ಚೆನ್ನಾಗಿದ್ದರೂ ರಕ್ತ ಏರಲಿಲ್ಲ, ಕಬ್ಬಿಣದ ಮಾತ್ರೆಯೂ ಫಲ ಕೊಡಲಿಲ್ಲ. ನ್ಯೂಟ್ರೋಫಿಲ್ ಕುಸಿಯುವುದೂ ಬೆನ್ನುಹುರಿ ಕೆಡುವುದೂ ತಾಮ್ರದ ಕೊರತೆಯ ಲಕ್ಷಣಗಳೇ.

ಇದು ಹೊಸ ವಿಷಯವೇನಲ್ಲ. ಮನುಷ್ಯರಲ್ಲಿ ಜಿಂಕ್ ಕೊರತೆ ಇರಬಹುದು ಅಂತ ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಇರಾನಿನ ಶಿರಾಜ್‌ನಲ್ಲಿ 21 ವರ್ಷದ ಯುವಕನೊಬ್ಬ ಹತ್ತು ವರ್ಷದ ಹುಡುಗನ ಹಾಗೆ ಕಾಣುತ್ತಿದ್ದ. ತಿನ್ನುತ್ತಿದ್ದದ್ದು ಹೆಚ್ಚಾಗಿ ರೊಟ್ಟಿ, ಜೊತೆಗೆ ಮಣ್ಣು. ಅಂಥವರ ಬಗ್ಗೆ 1961ರಲ್ಲಿ ಅವರು ಬರೆದರು, 1963ರಲ್ಲಿ ಈಜಿಪ್ಟಿನಲ್ಲಿ ಜಿಂಕ್ ಕೊರತೆಯನ್ನು ದೃಢಪಡಿಸಿದರು. ಜಿಂಕ್‌ನ ಮಹತ್ವ ಸಾರಿದ ಅದೇ ಪ್ರಸಾದ್ ಮತ್ತು ಅವರ ಸಂಗಡಿಗರೇ 1978ರಲ್ಲಿ, ಹೆಚ್ಚು ಜಿಂಕ್ ಕೊಟ್ಟ, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ರೋಗಿಯಲ್ಲಿ ತಾಮ್ರ ಇಳಿದದ್ದನ್ನೂ ವರದಿ ಮಾಡಿದರು. ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲಿ ಜಿಂಕ್‌ನ ಇದೇ ಗುಣವನ್ನು ಔಷಧಿಯಾಗಿ ಬಳಸುತ್ತೇವೆ. ಅಲ್ಲಿ ದೊಡ್ಡವರಿಗೆ ಕೊಡುವ ಪ್ರಮಾಣ 50 ಮಿಗ್ರಾಂ, ದಿನಕ್ಕೆ ಮೂರು ಸಲ. ಈಕೆ ತಾಮ್ರ ತೆಗೆಯುವ ಚಿಕಿತ್ಸೆಯ ಹತ್ತಿರ ಹತ್ತಿರದ ಪ್ರಮಾಣವನ್ನೇ ಎರಡೂವರೆ ವರ್ಷ ಕೂದಲಿಗೆಂದು ತಗೊಂಡಿದ್ದರು.

ಮಾಡಿದ ತೀರ್ಮಾನಗಳು

ಜಿಂಕ್ ಅಂದೇ ನಿಲ್ಲಿಸಿದೆವು. ತಾಮ್ರ, ಸೆರುಲೋಪ್ಲಾಸ್ಮಿನ್, ಜಿಂಕ್ ಮೂರನ್ನೂ ನೋಡಲು ರಕ್ತ ಹೊರಗಿನ ಲ್ಯಾಬಿಗೆ ಕಳಿಸಿದೆವು. ವರದಿ ಬರಲು ಕೆಲವು ದಿನ ಬೇಕಿತ್ತು. ಮಜ್ಜೆ ಪರೀಕ್ಷೆಗೆ ದಿನ ಗೊತ್ತಾಗಿತ್ತು. ಅದನ್ನು ಮಾಡುವುದಾ, ಕಾಯುವುದಾ?

ಎರಡೂ ಕಡೆ ವಾದವಿತ್ತು. ಮಜ್ಜೆಯ ಕಾಯಿಲೆ ನಿಜವೇ ಆಗಿದ್ದರೆ ತಡ ಮಾಡುವುದು ಸರಿಯಲ್ಲ. ಆದರೆ ತಾಮ್ರದ ಕೊರತೆಯಲ್ಲೂ ಮಜ್ಜೆಯ ಚಿತ್ರ ಎಂಡಿಎಸ್ ಅನ್ನುವ ಗಂಭೀರ ರೋಗದ ಹಾಗೇ ಕಾಣಬಹುದು. ಆ ಹೆಸರು ಒಮ್ಮೆ ಫೈಲಿಗೆ ಅಂಟಿದರೆ ಬಿಡಿಸುವುದು ಕಷ್ಟ. ತಜ್ಞರ ಜೊತೆ ಮಾತಾಡಿ, ತಾಮ್ರದ ವರದಿ ಬರುವವರೆಗೆ ಕಾಯೋಣ ಅಂತ ತೀರ್ಮಾನಿಸಿದೆವು. ಷರತ್ತನ್ನೂ ಬರೆದಿಟ್ಟೆವು: ಜ್ವರ ಬಂದರೆ, ನ್ಯೂಟ್ರೋಫಿಲ್ 500ಕ್ಕಿಂತ ಇಳಿದರೆ, ಅಥವಾ ತಾಮ್ರ ಸರಿಯಿದೆ ಅಂತ ಬಂದರೆ ತಕ್ಷಣ ಪರೀಕ್ಷೆ. ಮನೆಯವರನ್ನು ಕೂರಿಸಿಕೊಂಡು ಇದನ್ನೆಲ್ಲ ಬಿಡಿಸಿ ಹೇಳಿದೆವು. ಕಾಯುವ ತೀರ್ಮಾನ ಏನೂ ಮಾಡದೆ ಕೂರುವುದಲ್ಲ ಅಂತ ಮನವರಿಕೆಯಾಗಲು ಆ ಷರತ್ತುಗಳೇ ಸಹಾಯ ಮಾಡಿದವು.

ವರದಿ ಬಂತು. ತಾಮ್ರ 12. ಸಾಮಾನ್ಯವಾಗಿ ಸುಮಾರು 70ರಿಂದ 140 ಮೈಕ್ರೊಗ್ರಾಂ ಇರಬೇಕು. ಸೆರುಲೋಪ್ಲಾಸ್ಮಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ಜಿಂಕ್ ಇರಬೇಕಾದ್ದಕ್ಕಿಂತ ತುಂಬಾ ಮೇಲೆ.

ಬರೀ ತಾಮ್ರದ ಮಾತ್ರೆ ನಮ್ಮ ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ, ಹೊರಗಿನಿಂದ ತರಿಸಬೇಕಾಯಿತು. ಮೊದಲ ವಾರ ದಿನಕ್ಕೆ 8 ಮಿಗ್ರಾಂ, ಎರಡನೇ ವಾರ 6, ಮೂರನೇ ವಾರ 4, ಆಮೇಲೆ 2. ಈ ಪ್ರಮಾಣ ವೈದ್ಯರ ಕೈಯಲ್ಲಿ, ರಕ್ತ ಪರೀಕ್ಷೆಯ ಜೊತೆ ಮಾತ್ರ. ತಾಮ್ರ ಜಾಸ್ತಿಯಾದರೂ ಲಿವರ್‌ಗೆ ಅಪಾಯ.

ಮಾತ್ರೆ ಬರುವವರೆಗಿನ ದಿನಗಳಲ್ಲಿ ಮಗ ಒಂದು ಹೊಸ ತಾಮ್ರದ ಚೊಂಬು ತಂದಿದ್ದ. "ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದ್ರೆ ಸಾಕಾಗಲ್ವಾ ಡಾಕ್ಟ್ರೇ?" ಒಳ್ಳೆಯ ಪ್ರಶ್ನೆ. ಚೊಂಬಿನ ನೀರಿನಲ್ಲಿ ಎಷ್ಟು ತಾಮ್ರ ಬಿಡುತ್ತದೆ ಅನ್ನುವುದು ನೀರಿನ ಮೇಲೆ, ಸಮಯದ ಮೇಲೆ ಬದಲಾಗುತ್ತದೆ. ಇಷ್ಟು ದೊಡ್ಡ ಕೊರತೆಗೆ ಅದು ಚಿಕಿತ್ಸೆ ಅಲ್ಲ. ನೀರು ಕುಡಿಯಲಿ, ಆದರೆ ಮಜ್ಜಿಗೆ, ನಿಂಬೆ ಪಾನಕ, ಹುಣಸೆಹಣ್ಣಿನ ಸಾರು ಯಾವತ್ತೂ ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬೇಡಿ ಅಂದೆ. ಹುಳಿಗೆ ತಾಮ್ರ ಬೇಕಾಬಿಟ್ಟಿ ಕರಗುತ್ತದೆ.

ಆಮೇಲೆ ಏನಾಯಿತು

ರಕ್ತ ಬೇಗ ಚೇತರಿಸಿತು. ಎರಡನೇ ವಾರಕ್ಕೆ ನ್ಯೂಟ್ರೋಫಿಲ್ 1,400, ನಾಲ್ಕನೇ ವಾರಕ್ಕೆ 3,000 ದಾಟಿತು. ಹತ್ತನೇ ವಾರಕ್ಕೆ ಹಿಮೋಗ್ಲೋಬಿನ್ 11.4. ಮಜ್ಜೆ ಪರೀಕ್ಷೆ ಬೇಕಾಗಲೇ ಇಲ್ಲ.

ನರದ ಕಥೆ ಬೇರೆ. ಜೋಮು ಮೇಲೇರುವುದು ನಿಂತಿತು, ಅದೇ ಮೊದಲ ಗೆಲುವು. ಒಂದು ವರ್ಷದಲ್ಲಿ ಮೊಣಕಾಲಿನ ಕೆಳಗಿನ ಜೋಮು ಪಾದಕ್ಕೆ ಇಳಿಯಿತು. ಹಗಲಲ್ಲಿ ಒಬ್ಬರೇ ಓಡಾಡುತ್ತಾರೆ. ಕತ್ತಲಲ್ಲಿ ಈಗಲೂ ಕೋಲು ಬೇಕು. ಮಿಷನ್ ತುಳಿಯುವ ಕೆಲಸ ಸೊಸೆಗೆ ಹೋಗಿದೆ, ಅಳತೆ ತಗೊಂಡು ಬಟ್ಟೆ ಕತ್ತರಿಸುವುದು ಮತ್ತು ಕೈಹೊಲಿಗೆ ಇವರದು. ತಾಮ್ರದ ಕೊರತೆಯಲ್ಲಿ ರಕ್ತ ಪೂರ್ತಿ ಸರಿಹೋಗುತ್ತದೆ, ನರ ಹಾಗಲ್ಲ. ಎಷ್ಟು ಬೇಗ ಪತ್ತೆಯಾಯಿತು ಅನ್ನುವುದರ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದು ನಿಂತಿದೆ. ಬಿ12 ಕೊಟ್ಟು ಕೆಲವು ವಾರಗಳಲ್ಲಿ ರಕ್ತ ಏರದಿದ್ದರೆ, ಜೋಮು ಹೆಚ್ಚುತ್ತಿದ್ದರೆ, ಚುಚ್ಚುಮದ್ದು ಮುಂದುವರಿಸುವ ಮೊದಲು ತಾಮ್ರ ನೋಡಬೇಕು.

ಈ ಪ್ರಕರಣದ ನಂತರ ನಮ್ಮ ಹೊರರೋಗಿ ವಿಭಾಗದಲ್ಲಿ ಕೇಳುವ ರೀತಿ ಬದಲಾಯಿತು. ಯಾವ ಔಷಧಿ ತಗೋತೀರಿ ಅನ್ನುವುದರ ಜೊತೆಗೆ, ಬಾಯಿಗೆ ಹಾಕುವ ಮಾತ್ರೆ, ಪುಡಿ, ಟಾನಿಕ್ ಎಲ್ಲ ತನ್ನಿ, ಆನ್‌ಲೈನ್‌ನಲ್ಲಿ ತರಿಸಿದ್ದೂ ಸೇರಿ ಅಂತ ಹೇಳುತ್ತೇವೆ. ಜಿಂಕ್ ಬರೆದರೆ ನಿಲ್ಲಿಸುವ ತಾರೀಖನ್ನೂ ಬರೆಯುತ್ತೇವೆ. ಹೊಟ್ಟೆ ತೊಳೆಸಿದರೆ ಊಟದ ಜೊತೆ ತಗೊಳ್ಳಿ ಅನ್ನುತ್ತೇವೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ಜೊತೆ ಜಿಂಕ್ ನುಂಗಿದರೆ ಆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ. ಆಂಟಿಬಯಾಟಿಕ್ ಆದಮೇಲೆ ಎರಡು ಗಂಟೆಯಾದರೂ ಬಿಟ್ಟು ಜಿಂಕ್ ತಗೋಬೇಕು. ಕಬ್ಬಿಣದ ಮಾತ್ರೆಗೂ ಬೇರೆ ಹೊತ್ತು ಇರಲಿ. ಕಣ್ಣಿನ ಮ್ಯಾಕುಲಾ ಸವೆಯುವ ಕಾಯಿಲೆಗೆ ಕೊಡುವ ಮಾತ್ರೆಯ ಮೂಲ ಸೂತ್ರದಲ್ಲಿ ದಿನಕ್ಕೆ 80 ಮಿಗ್ರಾಂ ಜಿಂಕ್ ಇದೆ, ಆದರೆ ಅದರ ಜೊತೆ 2 ಮಿಗ್ರಾಂ ತಾಮ್ರವನ್ನೂ ಸೇರಿಸಿಯೇ ಅದನ್ನು ರೂಪಿಸಿದ್ದಾರೆ. ದೊಡ್ಡ ಪ್ರಮಾಣ ಕೊಡಬೇಕಾದಾಗ ಹಾಗೆ ಮುಂಜಾಗ್ರತೆ ಬೇಕು.

ಊಟದ ವಿಷಯವೂ ಬಂತು. ನಮ್ಮ ಕಾಳು, ರಾಗಿಗಳಲ್ಲಿ ಜಿಂಕ್ ಇದೆ, ಆದರೆ ಅವುಗಳಲ್ಲೇ ಇರುವ ಫೈಟೇಟ್ ಅನ್ನುವ ಪದಾರ್ಥ ಅದನ್ನು ಮೈಗೆ ಸೇರದ ಹಾಗೆ ಹಿಡಿದಿಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಮೊಳಕೆ ಹೆಸರುಕಾಳಿನ ಉಸಲಿ, ಮೊಳಕೆ ರಾಗಿಯ ಅಂಬಲಿ, ದೋಸೆ, ಇಡ್ಲಿ ಒಳ್ಳೇದು ಅನ್ನುವುದಕ್ಕೆ ಇದೂ ಒಂದು ಕಾರಣ. ಎಳ್ಳು, ಗೋಡಂಬಿ, ಕಡಲೆಯಲ್ಲಿ ಜಿಂಕ್, ತಾಮ್ರ ಎರಡೂ ಸಿಗುತ್ತವೆ.

ಇನ್ನೊಂದು ತಿರುವು

ಇಷ್ಟಾಗಿ ಸುಮಾರು ಒಂದು ವರ್ಷದ ನಂತರ ಆಕೆಯ ಮನೆಯಲ್ಲೇ ಇನ್ನೊಂದು ಘಟನೆ ನಡೆಯಿತು. ಹದಿನಾಲ್ಕು ತಿಂಗಳ ಮೊಮ್ಮಗನಿಗೆ ಭೇದಿ ಶುರುವಾಯಿತು. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಮತ್ತು 20 ಮಿಗ್ರಾಂನ ಜಿಂಕ್ ಮಾತ್ರೆ ಕೊಟ್ಟು ಹೋದರು. ಅಜ್ಜಿ ಓಆರ್‌ಎಸ್ ಇಟ್ಟುಕೊಂಡು ಜಿಂಕ್ ಮಾತ್ರೆಯನ್ನು ಎತ್ತಿ ಬದಿಗಿಟ್ಟರು. "ನನ್ನ ಕಾಲು ತಿಂದಿದ್ದು ಇದೇ. ಮಗೂಗೆ ಬೇಡ."

ಮಗಳು ಫೋನ್ ಮಾಡಿದಳು. ನಾನು ಅಜ್ಜಿಯ ಜೊತೆಯೇ ಮಾತಾಡಿದೆ. ಈ ಮಾತು ಅವರಿಗೆ ಒಪ್ಪಿಗೆಯಾಗದಿದ್ದರೆ ಅವರ ಪ್ರಕರಣದಿಂದ ಒಂದು ಮಗುವಿಗೆ ಅನ್ಯಾಯವಾಗುತ್ತಿತ್ತು. ಭೇದಿಯಲ್ಲಿ ಮಗುವಿನ ಮೈಯಿಂದ ಜಿಂಕ್ ಸೋರಿ ಹೋಗುತ್ತದೆ. ಅದನ್ನು ತುಂಬಿದರೆ ಭೇದಿ ಬೇಗ ನಿಲ್ಲುತ್ತದೆ, ಮುಂದಿನ ಎರಡು ಮೂರು ತಿಂಗಳಲ್ಲಿ ಮತ್ತೆ ಬರುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಿಂದಲೇ ಓಆರ್‌ಎಸ್ ಜೊತೆ ಜಿಂಕ್ ಕೊಡಿ ಅನ್ನುತ್ತಿವೆ. ನಮ್ಮಲ್ಲಿ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10. ಒಟ್ಟು 14 ದಿನ. "ಅಮ್ಮ, ನೀವು ತಗೊಂಡಿದ್ದು ಮಗೂದಕ್ಕಿಂತ ಆರು ಪಟ್ಟು, ಅದೂ ಎರಡೂವರೆ ವರ್ಷ. ಇದು ಹದಿನಾಲ್ಕೇ ದಿನ, ಆಮೇಲೆ ನಿಲ್ಲುತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದನೇ ದಿನ ನಾನೇ ಎಸೀತೀನಿ" ಅಂದರು.

ಮಾತ್ರೆಯನ್ನು ಚಮಚದಲ್ಲಿಟ್ಟು ಕಾಯಿಸಿ ಆರಿಸಿದ ನೀರು ಅಥವಾ ತಾಯಿ ಹಾಲು ಹಾಕಿ ಕರಗಿಸಿ ಕುಡಿಸಿ, ಕುಡಿಸಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಿ, ಭೇದಿ ಮೂರನೇ ದಿನಕ್ಕೇ ನಿಂತರೂ ಹದಿನಾಲ್ಕು ದಿನ ಮುಗಿಸಿ ಅಂತ ಹೇಳಿಕೊಟ್ಟೆ. ಮಗು ಮಂಕಾದರೆ, ಕುಡಿಯಲು ಒಲ್ಲೆ ಅಂದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆತರಬೇಕು ಅಂತಲೂ ಹೇಳಿದೆ. ಅದೇನೂ ಬೇಕಾಗಲಿಲ್ಲ, ನಾಲ್ಕನೇ ದಿನಕ್ಕೆ ಭೇದಿ ನಿಂತಿತು. ಉಳಿದ ಮಾತ್ರೆಗಳನ್ನು ಅಜ್ಜಿಯೇ ದಿನಾ ಬೆಳಿಗ್ಗೆ ಕರಗಿಸಿ ಕೊಟ್ಟು ಹದಿನಾಲ್ಕು ದಿನ ಪೂರೈಸಿದರು.